ಅರ್ಧ ಮಾತ್ರೆಯ ಪೊಟ್ಟಣ

ಆಗಸ್ಟ್ 12, 1976. ಗುರುವಾರ

ಇವತ್ತು ನೂರಾ ಹದಿನೇಳು ಚೀಟಿ. ಬೆಳಗ್ಗೆಯಿಂದ ನಿಂತೇ ಇದ್ದು ಮೊಣಕಾಲು ಬಾತಿದೆ. ಚಳಿಜ್ವರ ಈ ವರ್ಷ ಊರೂರನ್ನೇ ಮಲಗಿಸಿದೆ. ನೊಣವಿನಕೆರೆ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ನಮ್ಮ ಕಡೇಪಾಳ್ಯದ ಆಸ್ಪತ್ರೆಗೆ ಬರುತ್ತಿದ್ದಾರೆ. ಡಾಕ್ಟರ್ ಸದಾಶಿವಯ್ಯ ಚೀಟಿ ಬರೆದು ಬಿಸಾಕಿ ಹನ್ನೆರಡೂವರೆಗೆ ಎದ್ದುಹೋದರು. ಆಮೇಲೆ ಎಲ್ಲರೂ ನನ್ನ ಕಿಟಕಿಗೆ. ‘ತೋಂಟದಾರ್ಯಣ್ಣ, ನಮ್ದು ಮೊದ್ಲು ಕೊಡಣ್ಣ’ ಎಂದು ಕೈ ತೂರಿಸುವವರೇ. ಇಡೀ ಆಸ್ಪತ್ರೆಗೆ ಇರುವುದು ಒಬ್ಬ ಕಾಂಪೌಂಡರು. ಅವನಿಗೂ ಎರಡೇ ಕೈ ಎಂಬುದು ಯಾರಿಗೂ ನೆನಪಿರುವುದಿಲ್ಲ.

ನುಂಗಲಾರದವರಿಗೆ ಮಾತ್ರೆಯನ್ನು ಕಲ್ಬತ್ತಿನಲ್ಲಿ ಅರೆದು ಬಿಳಿ ಕಾಗದದಲ್ಲಿ ಪೊಟ್ಟಣ ಕಟ್ಟಬೇಕು. ‘ಗಂಟ್ಲಲ್ಲಿ ಇಳಿಯಕ್ಕಿಲ್ಲ ಕಣಪ್ಪ’ ಎಂದು ಹಟ ಹಿಡಿದ ಲಕ್ಷ್ಮಿದೇವಮ್ಮ ಎಂಬ ಮುದುಕಿಗೆ ನಾಲ್ಕು ಮಾತ್ರೆ ಅರೆದೆ. ಅದರ ಹಿಂದೆಯೇ ಒಂದು ಕೂಸಿಗೆ ಅರ್ಧ ಮಾತ್ರೆ. ಎರಡನ್ನೂ ಕಟ್ಟಿ ಇಡುವಷ್ಟರಲ್ಲಿ ಸಾಲಿನಲ್ಲಿ ಇಬ್ಬರು ಕತ್ತಿನ ಪಟ್ಟಿ ಹಿಡಿದುಕೊಂಡಿದ್ದರು. ಅವರನ್ನು ಬಿಡಿಸಿ, ಬೈದು, ಒಳಗೆ ಬಂದು ಕೊಟ್ಟೆ.

ಕೂಸಿನ ತಾಯಿ ಬಾಗಿಲವರೆಗೆ ಹೋದವಳು ಪೊಟ್ಟಣ ಬಿಚ್ಚಿ ನೋಡಿ ತಿರುಗಿ ಬಂದಳು. ‘ಅಣ್ಣಾ, ಎಳೇ ಮಗೀಗೆ ಇಷ್ಟೊಂದು ಪುಡಿಯಾ?’

‘ನೀನೇನು ಡಾಕ್ಟ್ರಾ? ಮೂಗು ಹಿಡಿದು ಪೂರ್ತಿ ಕುಡಿಸಮ್ಮ. ಕಹಿ ಅಂತ ಉಗಿಯಕ್ಕೆ ಬಿಟ್ಟು, ಜ್ವರ ಬಿಡಲಿಲ್ಲ ಅಂತ ಇಲ್ಲಿ ಬಂದು ನಿಂತ್ಕೋಬೇಡ’ ಎಂದೆ. ಸಾಲಿನಲ್ಲಿದ್ದವರು ನಕ್ಕರು. ಮುಖ ಕೆಂಪು ಮಾಡಿಕೊಂಡು ಹೋದಳು. ನಾಲ್ಕಕ್ಷರ ಕಲಿತ ಹೆಣ್ಣುಮಕ್ಕಳದೇ ಈ ತಕರಾರು. ಇಪ್ಪತ್ತೆರಡು ವರ್ಷದ ಕೈ ಇದು, ಒಂದು ದಿನ ತಪ್ಪಿದ್ದಿಲ್ಲ.

ಆಗಸ್ಟ್ 14. ಶನಿವಾರ

ಗುರುವಾರ ಔಷಧಿ ತೆಗೆದುಕೊಂಡು ಹೋದ ಆ ಕೂಸು ಅವತ್ತೇ ಸಂಜೆ ಹೋಯಿತಂತೆ. ಪಕ್ಕದ ಪಾಳ್ಯದ ಮರುಳಸಿದ್ದಯ್ಯನವರ ಮೊಮ್ಮಗು. ತೆಂಗಿನ ತೋಟದವರು, ನಮ್ಮ ಮಠದ ಒಕ್ಕಲೇ. ನನ್ನಾಕೆ ವಿಮಲ ಮಾತಾಡಿಸಿಕೊಂಡು ಬಂದಳು.

ಮದ್ದು ಕುಡಿಸಿದ ಒಂದು ಗಂಟೆಗೆ ಕೂಸು ವಾಂತಿ ಮಾಡಿಕೊಂಡು, ಜೋಲು ಬಿದ್ದು, ಫಿಟ್ಸ್ ಬಂದು, ಗಾಡಿ ಹೂಡುವಷ್ಟರಲ್ಲಿ ತಣ್ಣಗಾಯಿತಂತೆ. ಅಜ್ಜಿ ಮೀನಾಕ್ಷಮ್ಮ ಎದೆ ಬಡಿದುಕೊಂಡು, ‘ಇವ್ಳೇ ಮೂಗು ಹಿಡ್ದು ಹುಯ್ದಳು, ಇವ್ಳೇ ಉಸ್ರು ಕಟ್ಸಿದ್ಲು’ ಎಂದು ಸೊಸೆಯ ಕಡೆ ಬೆರಳು ಮಾಡುತ್ತಿದ್ದಳಂತೆ.

ಡಾಕ್ಟರಿಗೆ ಹೇಳಿದೆ. ‘ಜ್ವರ ಮೆದುಳಿಗೆ ಏರಿರ್ತದೆ ಬಿಡ್ರಿ’ ಎಂದರು. ರಿಜಿಸ್ಟರಿನಲ್ಲಿ ಹಾಗೆಯೇ ಬರೆದೆ. ಈ ತಿಂಗಳಲ್ಲಿ ಇದು ಮೂರನೆಯ ಸಾವು. ಸತ್ತ ಮನೆಯಲ್ಲಿ ಯಾರ ಮೇಲಾದರೂ ಹಾಕದಿದ್ದರೆ ಜನಕ್ಕೆ ಸಮಾಧಾನವಿಲ್ಲ.

ಆಗಸ್ಟ್ 17. ಮಂಗಳವಾರ

ಲಕ್ಷ್ಮಿದೇವಮ್ಮ ಕಂಬಳಿ ಹೊದ್ದು ನಡುಗುತ್ತಾ ಬಂದಳು. ‘ನಿನ್ ಪುಡಿ ಏನೂ ಕೆಲ್ಸ ಮಾಡ್ಲಿಲ್ಲ ಕಣಪ್ಪ. ಚಳಿ ಹಂಗೇ ಕುಟ್ತದೆ.’

‘ಪೂರ್ತಿ ಕುಡಿದ್ಯಾ ಅಜ್ಜಿ?’

‘ಪೂರ್ತಿ ಎಲ್ಲಿತ್ತು? ನಸ್ಯದ ಚಿಟಿಕೆಯಷ್ಟಿತ್ತು. ನಾಲ್ಕು ಗುಳಿಗೆ ಅರೆದಿದ್ದು ನಾನೇ ಕಣ್ಣಾರೆ ನೋಡಿದ್ನಲ್ಲ. ಬಾಕೀದು ಯಾರಿಗ್ ಕೊಟ್ಟೆ?’

ಬಾಕೀದು ಯಾರಿಗೆ ಕೊಟ್ಟೆ.

ಕಲ್ಬತ್ತು ಕೈಯಲ್ಲಿತ್ತು, ಕೆಳಗಿಟ್ಟೆ. ಅವಳಿಗೆ ಬೇರೆ ನಾಲ್ಕು ಮಾತ್ರೆ ಎಣಿಸಿಕೊಟ್ಟು, ಕುಟ್ಟಿಕೊಂಡು ಕುಡಿ ಎಂದೆ. ಉಳಿದ ಚೀಟಿಗಳಿಗೂ ಔಷಧಿ ಕೊಟ್ಟೆ. ಹೇಗೆ ಕೊಟ್ಟೆನೋ ಗೊತ್ತಿಲ್ಲ.

ಆಗಸ್ಟ್ 18

ರಜೆ ಹಾಕಿದೆ. ವಿಮಲಳಿಗೆ ಹೊಟ್ಟೆನೋವು ಎಂದೆ.

ಆಗಸ್ಟ್ 20. ಶುಕ್ರವಾರ

ಡಾಕ್ಟರಿಗೆ ಹೇಳಿದೆ. ರೋಗಿಗಳೆಲ್ಲ ಹೋದ ಮೇಲೆ ಬಾಗಿಲು ಹಾಕಿಕೊಂಡು ಹೇಳಿದೆ. ಪೊಟ್ಟಣ ಅದಲುಬದಲಾಗಿದೆ, ದೊಡ್ಡವರ ನಾಲ್ಕು ಮಾತ್ರೆಯೂ ಆ ಕೂಸಿನ ಹೊಟ್ಟೆಗೆ ಹೋಗಿದೆ ಎಂದೆ. ಅವರು ಕನ್ನಡಕ ಒರೆಸಿದರು.

‘ಯಾರಿಗೆ ಹೇಳಿದ್ದೀರಿ?’

‘ಯಾರಿಗೂ ಇಲ್ಲ ಸಾರ್.’

‘ಹೇಳಬೇಡಿ. ಮಣ್ಣು ಮಾಡಿ ಎಂಟು ದಿನ ಆಯ್ತು. ಈಗ ಹೇಳಿದ್ರೆ ಏನು ಬರ್ತದೆ? ನಿಮ್ಮ ಕೆಲಸ ಹೋಗ್ತದೆ, ನನಗೆ ನೋಟೀಸು ಬರ್ತದೆ. ನಾಳೆಯಿಂದ ಈ ಜನ ಆಸ್ಪತ್ರೆ ಔಷಧಿ ಮುಟ್ತಾರೇನ್ರಿ? ಮಾತ್ರೆ ಬಿಟ್ಟು ಬೇವಿನ ಸೊಪ್ಪು ಕಟ್ಕೊಂಡು ಕೂತ್ರೆ ಇನ್ನೂ ಹತ್ತು ಮಕ್ಕಳು ಸಾಯ್ತವೆ. ಆ ಹತ್ತು ಮಕ್ಕಳ ಯೋಚನೆ ಮಾಡಿ.’

ಆ ಮಾತಿನಲ್ಲಿ ನ್ಯಾಯವಿದೆ ಎನ್ನಿಸಿತು. ಮನೆಗೆ ಬಂದು ಊಟ ಮಾಡಿದೆ.

ಆಗಸ್ಟ್ 27. ಶುಕ್ರವಾರ

ಒಂದು ವಾರದಿಂದ ಲೆಕ್ಕ ಹಾಕುತ್ತಿದ್ದೇನೆ. ನೂರಾ ಹದಿನೇಳು ಚೀಟಿಗೆ ಒಬ್ಬ ಮನುಷ್ಯ. ಡಾಕ್ಟರು ಚೀಟಿಯ ಮೇಲೆ ಹೆಸರು ಬರೆಯುವುದಿಲ್ಲ, ವಯಸ್ಸು ಬರೆಯುವುದಿಲ್ಲ. ಎರಡು ಪೊಟ್ಟಣಕ್ಕೂ ಒಂದೇ ಕಾಗದ. ಜಗಳ ಆಡಿದವರು ಆ ಇಬ್ಬರು. ಇಷ್ಟೆಲ್ಲ ಸೇರಿ ಆಗಿದ್ದು, ನಾನೊಬ್ಬನೇ ಮಾಡಿದ್ದಲ್ಲ. ಇದೆಲ್ಲ ನಿಜವೇ. ಆದರೆ ಲೆಕ್ಕ ಮುಗಿಯುವಾಗ ಪ್ರತಿ ಸಲವೂ ಅವಳು ಬಾಗಿಲಿನಿಂದ ತಿರುಗಿ ಬರುತ್ತಾಳೆ.

ಅಂಗಿ ಹೊಲಿಸಲು ಎದುರಿನ ಕರೀಂ ಸಾಬರ ಅಂಗಡಿಗೆ ಹೋಗಿದ್ದೆ. ಸಾಬರು ಟೇಪು ಹಿಡಿದು ‘ಎದೆ ಮೂವತ್ತಾರು’ ಎಂದು ಕೂಗಿದರು. ಅವರ ತಮ್ಮ ಇಸ್ಮಾಯಿಲ್ ಬರೆದುಕೊಂಡು ‘ಎದೆ ಮೂವತ್ತಾರು’ ಎಂದು ತಿರುಗಿ ಹೇಳಿದ. ತೋಳಿಗೂ ಹಾಗೆ, ಕತ್ತಿಗೂ ಹಾಗೆ. ಯಾಕೆ ಎಂದು ಕೇಳಿದೆ.

‘ನಾ ಹೇಳಿದ್ದೊಂದು, ಇವ್ನ ಕೈ ಬರ್ದಿದ್ದೊಂದು ಆಗೋಯ್ತದೆ ತೋಂಟದಾರ್ಯಪ್ಪನೋರೇ. ಒಂದ್ಸಲ ಮದ್ವೆ ಗಂಡಿನ ಕೋಟು ಹಾಳಾಯ್ತು. ಆವತ್ತಿಂದ ತಿರುಗಿ ಹೇಳ್ದೆ ಕತ್ರಿ ಹಾಕಲ್ಲ. ಬಟ್ಟೆ ಹೋದ್ರೆ ಬಟ್ಟೆ ತಂದ್ಕೊಡಬೋದು, ಮದ್ವೆ ದಿನ ಎಲ್ಲಿಂದ ತರಾನ?’

ಮದುವೆಯ ಒಂದು ಕೋಟಿಗೆ ಇಷ್ಟು ಜೋಪಾನ.

ಸೆಪ್ಟೆಂಬರ್ 13. ಸೋಮವಾರ

ಹದಿನೈದು ದಿನದಿಂದ ಹೊಸ ಕ್ರಮ ಹಿಡಿದಿದ್ದೇನೆ. ಮಕ್ಕಳ ಪುಡಿಗೆ ಕೆಂಪು ಕಾಗದ, ದೊಡ್ಡವರಿಗೆ ಬಿಳಿ. ಹೆಸರು ಬರೆಯದೆ ಪೊಟ್ಟಣ ಕಟ್ಟುವುದಿಲ್ಲ. ಒಂದು ಪೊಟ್ಟಣ ಕೈ ದಾಟುವವರೆಗೆ ಇನ್ನೊಂದು ಅರೆಯುವುದಿಲ್ಲ. ಮಗುವಿನ ವಯಸ್ಸು ಕೇಳುತ್ತೇನೆ, ಎತ್ತಿಕೊಂಡು ತೂಕ ನೋಡುತ್ತೇನೆ. ಕೊಡುವಾಗ, ‘ಎಷ್ಟು ಕುಡಿಸ್ತೀಯಮ್ಮ, ನೀನೇ ಹೇಳು’ ಎನ್ನುತ್ತೇನೆ. ತಿರುಗಿ ಹೇಳದೆ ಬಿಡುವುದಿಲ್ಲ.

ಸಾಲು ಉದ್ದವಾಗಿದೆ. ‘ಇವ್ನೇನು ಕಣ್ಲಾ, ಮದ್ದು ಕೊಡೋ ಬದ್ಲು ಮಗ್ಗಿ ಹೇಳಿಸ್ತಾನೆ’ ಎಂದು ಹಿಂದಿನವರು ಗೊಣಗುತ್ತಾರೆ. ಡಾಕ್ಟರಿಗೂ ಕಿರಿಕಿರಿ. ಗೊಣಗಲಿ.

ಆದರೆ ಒಂದು ವಿಷಯ ಯಾರಿಗೂ ಹೇಳಿಲ್ಲ. ಈ ಹದಿನೈದು ದಿನದಲ್ಲಿ ನನ್ನ ಕೈ ಎರಡು ಸಲ ತಪ್ಪಿತು. ಒಂದು ಸಲ ಅರ್ಧ ಮಾತ್ರೆಯ ಜಾಗದಲ್ಲಿ ಒಂದೂವರೆ ತೆಗೆದಿದ್ದೆ. ಇನ್ನೊಂದು ಸಲ ಜಂತಿನ ಔಷಧಿಯ ಬದಲು ಕೆಮ್ಮಿನದು ಸುರಿದಿದ್ದೆ. ಹೆಂಗಸರು ತಿರುಗಿ ಹೇಳುವಾಗ ಗೊತ್ತಾಗಿ ವಾಪಸು ತೆಗೆದುಕೊಂಡೆ. ಮೊದಲಾಗಿದ್ದರೆ ಗೊತ್ತಾಗುತ್ತಿರಲಿಲ್ಲ.

ಹದಿನೈದು ದಿನಕ್ಕೆ ಎರಡು. ಇಪ್ಪತ್ತೆರಡು ವರ್ಷಕ್ಕೆ ಎಷ್ಟು?

ಅಕ್ಟೋಬರ್ 5. ಮಂಗಳವಾರ

ವಿಮಲ ಮಠದಲ್ಲಿ ಕೇಳಿಕೊಂಡು ಬಂದಳು. ಮರುಳಸಿದ್ದಯ್ಯನವರ ಸೊಸೆಯನ್ನು ತವರಿಗೆ, ಹುಳಿಯಾರಿನ ಹತ್ತಿರದ ಕೆಂಕೆರೆಗೆ ಕಳಿಸಿಬಿಟ್ಟಿದ್ದಾರೆ. ಮನೆಯಲ್ಲಿ ಅವಳ ಕೈಯಿಂದ ನೀರು ಇಸಿದುಕೊಳ್ಳುತ್ತಿರಲಿಲ್ಲವಂತೆ. ಓರಗಿತ್ತಿ ತನ್ನ ಮಗುವನ್ನು ಅವಳ ಹತ್ತಿರ ಬಿಡುತ್ತಿರಲಿಲ್ಲವಂತೆ. ಗಂಡನೂ ಮಾತು ಬಿಟ್ಟಿದ್ದ. ‘ಆ ಹುಡುಗಿ ಕೊಬ್ಬರಿ ಅಟ್ಟದ ಏಣಿ ಕೆಳಗೆ ಕೂತು ಬರೀ ಅಂಗೈ ನೋಡ್ಕೊಂತಿತ್ತಂತೆ ಕಣ್ರೀ. ಗಿರಿಜಾಂಬಿಕಾ ಅಂತ ಹೆಸರು. ಎಸ್ಸೆಸ್ಸೆಲ್ಸಿ ಪಾಸಾಗವ್ಳೆ’ ಎಂದಳು.

ಒಂದು ಕಾಗದ ಬರೆಯಬೇಕು. ನಾಳೆ ಬರೆಯುತ್ತೇನೆ.

ಅಕ್ಟೋಬರ್ 9

ಬರೆಯಲಿಲ್ಲ. ಚೀಟಿ ಬಹಳ ಇದ್ದವು.

ಅಕ್ಟೋಬರ್ 23. ಶನಿವಾರ

ಮೇಲಿನ ಅಧಿಕಾರಿ ಜೀಪಿನಲ್ಲಿ ಬಂದಿದ್ದರು. ಅರ್ಧ ಗಂಟೆ ನನ್ನ ಕಿಟಕಿಯ ಪಕ್ಕ ನಿಂತು ನೋಡಿದರು. ಕೆಂಪು ಕಾಗದ ಮುಟ್ಟಿ ನೋಡಿದರು. ಒಬ್ಬ ತಾಯಿ ‘ಅರ್ಧ ಮಾತ್ರೆ ಪುಡಿ, ಬೆಲ್ಲದ ನೀರಲ್ಲಿ, ಒಂದೇ ಸಲ’ ಎಂದು ಪಾಠ ಒಪ್ಪಿಸಿದ್ದು ಕೇಳಿ ಅವರಿಗೆ ಖುಷಿಯೋ ಖುಷಿ. ‘ಈ ಐಡಿಯಾ ಹೇಗೆ ಬಂತ್ರೀ ನಿಮಗೆ?’ ಎಂದರು.

ಡಾಕ್ಟರು ನನ್ನ ಮುಖ ನೋಡಿದರು. ‘ಅನುಭವದಿಂದ ಸಾರ್’ ಎಂದೆ.

ಎಲ್ಲ ಕಡೆಗೂ ಸುತ್ತೋಲೆ ಕಳಿಸುತ್ತಾರಂತೆ. ನನ್ನ ಹೆಸರನ್ನು ಡೈರಿಯಲ್ಲಿ ಬರೆದುಕೊಂಡರು. ಡಾಕ್ಟರು ಮೈಸೂರು ಪಾಕು ತರಿಸಿದರು. ನಾನೂ ತಿಂದೆ.

ಸಂಜೆ ಕರೀಂ ಸಾಬರ ಅಂಗಡಿಗೆ ಹೋಗಿ, ನಿಮ್ಮಿಂದ ಕಲಿತದ್ದು ಎಂದು ಹೇಳಹೊರಟವನು ಎಲ್ಲವನ್ನೂ ಹೇಳಿಬಿಟ್ಟೆ. ಆಗಸ್ಟ್ ಹನ್ನೆರಡರಿಂದ ಹಿಡಿದು ಹೇಳಿದೆ. ಸಾಬರು ಮೆಷಿನ್ನು ನಿಲ್ಲಿಸಿದರು. ಬೈಯುತ್ತಾರೆಂದುಕೊಂಡೆ.

‘ಆ ತಾಯಿಗೆ ಹೇಳಿದ್ರಾ?’

‘ಇಲ್ಲ. ಆದ್ರೆ ಇನ್ಮೇಲೆ ಯಾವ ಮಗೀಗೂ ಹಂಗಾಗದ ಹಾಗೆ...’

‘ಅದು ಬೇರೆ ಮಕ್ಳಿಗಾಯ್ತು. ಅವಳು ತಾನೇ ಕೊಂದೆ ಅಂದ್ಕೊಂಡು ಕೂತವ್ಳಲ್ಲ, ಅವಳಿಗೆ?’

ಮತ್ತೆ ಮೆಷಿನ್ನು ತುಳಿಯತೊಡಗಿದರು. ನನಗೆ ಸಿಟ್ಟು ಬಂತು. ಹೇಳುವುದು ಸುಲಭ.

ನವೆಂಬರ್ 7. ಭಾನುವಾರ

ಕೆಂಕೆರೆಗೆ ಹೋಗಿದ್ದೆ. ತಿಪಟೂರಿನಲ್ಲಿ ಬಸ್ಸು ಬದಲಾಯಿಸುವಾಗ ತಿರುಗಿ ಹೋಗೋಣ ಎನ್ನಿಸಿತು. ಹುಳಿಯಾರಿನಲ್ಲಿ ಇಳಿದ ಮೇಲೂ ಎನ್ನಿಸಿತು.

ಗಿರಿಜಾಂಬಿಕಾ ಹಿತ್ತಲಲ್ಲಿ ಸೋಗೆ ಹೆಣೆಯುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಅವರ ಅಪ್ಪ ಚಾಪೆ ಹಾಸಿದರು, ನಾನು ಕೂರಲಿಲ್ಲ. ನಿಂತೇ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ. ‘ಪೊಟ್ಟಣ ಅದಲುಬದಲಾಯ್ತು. ನಾನು ಮಾಡಿದ್ದು. ನೀವು ಕುಡಿಸಿದ್ದರಲ್ಲಿ ತಪ್ಪಿಲ್ಲ. ಪುಡಿಯೇ ತಪ್ಪು’ ಎಂದೆ.

ಅಪ್ಪ ಕುಡುಗೋಲು ಎತ್ತಿಕೊಂಡರು. ‘ಅಪ್ಪಾಜಿ, ಬುಡು’ ಎಂದು ಆಕೆ ಕೈ ಹಿಡಿದರು. ಕುಡುಗೋಲು ಇಸಿದುಕೊಂಡು ಸೋಗೆಯ ಮೇಲೆ ಇಟ್ಟರು.

‘ಯಾವತ್ತು ಗೊತ್ತಾಯ್ತು ನಿಮ್ಗೆ?’

‘ಐದು ದಿನಕ್ಕೆ.’

‘ಐದು ದಿನಕ್ಕೆ’ ಎಂದರು. ಬೆರಳು ಮಡಿಸಿ ಎಣಿಸಿದರು. ‘ಆಗಸ್ಟು, ಸೆಪ್ಟೆಂಬರು, ಅಕ್ಟೋಬರು. ಅಷ್ಟು ದಿನ ನಾನು ಈ ಕೈಲಿ ಅನ್ನ ಉಣ್ಣಕ್ಕೆ ಹೇಸ್ತಿದ್ದೆ. ನೀವು ಉಣ್ತಿದ್ರಾ?’

ಉಣ್ಣುತ್ತಿದ್ದೆ ಎಂದೆ.

ಕ್ಷಮೆ ಕೇಳಲು ಬಾಯಿ ತೆರೆದೆ. ‘ಅದು ಬ್ಯಾಡ’ ಎಂದು ಒಳಗೆ ಹೋಗಿ ತಮ್ಮನ ನೋಟ್‌ಬುಕ್ಕಿನಿಂದ ಎರಡು ಹಾಳೆ ಹರಿದು ತಂದರು. ‘ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತದೆ. ಬರ್ದು ಕೊಡಿ. ಒಂದು ನಮ್ಮತ್ತೆ ಮನೆಗೆ, ಒಂದು ಸರ್ಕಾರಕ್ಕೆ.’

ಬರೆದೆ. ಆಕೆ ಎರಡನ್ನೂ ಓದಿ, ‘ಅದಲುಬದಲಾಯಿತು’ ಎಂಬ ಕಡೆ ಬೆರಳಿಟ್ಟರು. ‘ಅದಾಗೇ ಆಯ್ತಾ? ನೀವು ಮಾಡಿದ್ರಾ?’ ಹೊಡೆದುಹಾಕಿ ‘ಅದಲುಬದಲು ಮಾಡಿದೆ’ ಎಂದು ತಿದ್ದಿ ಸಹಿ ಹಾಕಿದೆ.

ನವೆಂಬರ್ 16

ಗಿರಿಜಾಂಬಿಕಾ ಅವರ ಅಪ್ಪ ಆ ಕಾಗದವನ್ನು ಬೀಗರ ಮನೆಗೆ ಕೊಂಡೊಯ್ದಿದ್ದರಂತೆ. ಮರುಳಸಿದ್ದಯ್ಯ ಓದಿ ತಲೆ ತಗ್ಗಿಸಿದರಂತೆ. ಮೀನಾಕ್ಷಮ್ಮ ಮಾತ್ರ, ‘ಕಾಗ್ದ ತಂದ್ರೆ ಕೂಸು ಬತ್ತದಾ? ಅವ್ರು ಕೊಟ್ರು ಅಂತ ಇವ್ಳು ಹುಯ್ಯೋದಾ? ಇರ್ಲಿ, ಬರಾಕೇಳಿ, ಆಗಿದ್ದಾಯ್ತು’ ಎಂದಳಂತೆ. ಗಿರಿಜಾಂಬಿಕಾ ಹೋಗಿಲ್ಲ.

ನವೆಂಬರ್ 24. ಬುಧವಾರ

ಸರ್ಕಾರಕ್ಕೆ ಬರೆದ ಕಾಗದ ಮುಟ್ಟಿ, ಸೋಮವಾರ ಸಸ್ಪೆಂಡ್ ಆರ್ಡರು ಬಂತು. ಡಾಕ್ಟರು ಎಲ್ಲರೆದುರಿಗೂ ಕೂಗಾಡಿದರು. ಇಪ್ಪತ್ತೆರಡು ವರ್ಷದ ಸರ್ವೀಸು ಹಾಳುಮಾಡಿಕೊಂಡಿರಿ, ನನ್ನನ್ನೂ ಎಳೆದಿರಿ ಎಂದರು. ಬೀಗದ ಕೈ ಕೊಟ್ಟೆ. ವಿಮಲ ಮಾಯಸಂದ್ರದ ಅಣ್ಣನ ಮನೆಗೆ ಹೋಗುತ್ತೇನೆಂದು ಬಟ್ಟೆ ಮಡಿಸುತ್ತಿದ್ದಾಳೆ.

ಹೊಸ ಕಾಂಪೌಂಡರು ಚುರುಕು ಮನುಷ್ಯ. ಒಂದು ಗಂಟೆಗೆಲ್ಲ ಸಾಲು ಖಾಲಿ. ಕೆಂಪು ಕಾಗದದ ವಿಷಯ ಹೇಳಲು ಹೋದೆ. ‘ಸುತ್ತೋಲೆ ನೋಡಿದ್ದೀನಿ. ಅಷ್ಟೆಲ್ಲ ಟೈಮ್ ಎಲ್ಲಿದೆ ಸಾರ್?’ ಎಂದ. ಜನ ಅವನನ್ನು ಹೊಗಳುತ್ತಿದ್ದಾರೆ. ಕೆಂಪು ಕಾಗದದ ಕಟ್ಟು ಕಿಟಕಿಯ ಹಲಗೆ ಅಲುಗಾಡದ ಹಾಗೆ ಕೆಳಗೆ ಒತ್ತು ಕೊಟ್ಟಿದ್ದಾನೆ.

ಡಿಸೆಂಬರ್ 9. ಗುರುವಾರ

ವಿಚಾರಣೆ ತಿಪಟೂರಿನಲ್ಲಿತ್ತು. ಅಧಿಕಾರಿ ಬೇರೆಯವರು, ನನಗಿಂತ ಚಿಕ್ಕವರು. ನನ್ನನ್ನು ಒಬ್ಬನನ್ನೇ ಮೊದಲು ಕರೆದು ಕೂರಿಸಿದರು.

‘ನೋಡಿ ತೋಂಟದಾರ್ಯ, ನಿಮ್ಮ ಮೇಲೆ ಒಳ್ಳೆ ರಿಪೋರ್ಟಿದೆ. ತಾಯಿ ಎರಡು ದಿನದ ಪುಡೀನ ಒಂದೇ ಸಲ ಕುಡಿಸಿರಬಹುದು ಅಂತ ಒಂದು ಸಾಲು ಸೇರಿಸಿ. ಇನ್‌ಕ್ರಿಮೆಂಟ್ ಕಟ್ ಮಾಡಿ ಮುಗಿಸ್ತೀವಿ.’

‘ನಾನು ಕೊಟ್ಟಿದ್ದೇ ಒಂದು ಪೊಟ್ಟಣ ಸಾರ್.’

‘ಇರಬಹುದು ಅಂತ ತಾನೇ ಬರೀತಿರೋದು?’

‘ಇರಲಿಲ್ಲ ಸಾರ್’ ಎಂದೆ. ಅವರು ಪೆನ್ನಿನ ಟೊಪ್ಪಿಗೆ ಹಾಕಿದರು. ಹೊರಗೆ ಬಿಸಿಲು ಚೆನ್ನಾಗಿತ್ತು. ಬೆಳಗ್ಗೆ ಏನೂ ತಿಂದಿರಲಿಲ್ಲ.

ಆಮೇಲೆ ಗಿರಿಜಾಂಬಿಕಾ ಅವರನ್ನು ಕರೆದರು. ‘ಓದಿದೋರು ನೀವು. ಅಷ್ಟೊಂದು ಪುಡಿ ನೋಡಿ ಅನುಮಾನ ಬರಲಿಲ್ವೇನಮ್ಮ?’

‘ಬಂತು. ವಾಪಸು ಹೋಗಿ ಕೇಳ್ದೆ. ಇವ್ರು ಬೈದ್ರು.’

ಕ್ಲರ್ಕು ಬರೆಯದೆ ಅಧಿಕಾರಿಯ ಮುಖ ನೋಡಿದ. ಅಧಿಕಾರಿ, ‘ಅದೇನೂ ಬೇಕಾಗಿಲ್ಲ, ಮುಂದಕ್ಕೆ ಹೋಗು’ ಎಂದರು.

‘ಬರೀರಿ ಸಾರ್. ಅವರು ಕೇಳಿದ್ರು. ನೀನೇನು ಡಾಕ್ಟ್ರಾ ಅಂದೆ. ಪೂರ್ತಿ ಕುಡಿಸು ಅಂದಿದ್ದೂ ನಾನೇ. ಅದನ್ನೂ ಬರೀರಿ’ ಎಂದೆ. ಕೂತಿದ್ದವನು ಯಾವಾಗ ಎದ್ದು ನಿಂತೆನೋ. ಕ್ಲರ್ಕು ಬರೆದ.

ಹೇಳಿಕೆಯನ್ನು ಓದಿ ಹೇಳಿದರು. ‘ಸುಮಾರು ಹನ್ನೊಂದು ತಿಂಗಳ ಒಂದು ಹೆಣ್ಣು ಕೂಸು’ ಎಂದು ಶುರುವಾಗಿತ್ತು. ಗಿರಿಜಾಂಬಿಕಾ ಸಹಿ ಹಾಕಲಿಲ್ಲ.

‘ಒಂದು ಹೆಣ್ಣು ಕೂಸು ಅಂದ್ರೆ ಯಾರದ್ದು? ಅವಳಿಗೆ ಹೆಸರಿತ್ತು.’

‘ಹೇಳಮ್ಮ’ ಎಂದ ಕ್ಲರ್ಕು.

ಆಕೆ ಹೇಳಿದರು. ನಾಲ್ಕು ತಿಂಗಳಾಗಿದೆ, ನಾನು ಆ ಹೆಸರು ಕೇಳುತ್ತಿರುವುದು ಇದೇ ಮೊದಲು. ಯಾರನ್ನೂ ಕೇಳಿಯೇ ಇರಲಿಲ್ಲ. ಸರ್ವಮಂಗಳ. ಕ್ಲರ್ಕು ಕೊನೆಯಲ್ಲಿ ದೀರ್ಘ ಎಳೆದಿದ್ದ. ಆಕೆ ಅದನ್ನೂ ತಿದ್ದಿಸಿ ಸಹಿ ಹಾಕಿದರು. ಕೆಳಗೆ ನಾನು ಹಾಕಿದೆ.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಮಗಳು ಆ ಕಡೆಯ ಬೆಂಚಿನಲ್ಲಿ ಕೂತರು, ನಾನು ಈ ಕಡೆ. ಹುಳಿಯಾರು ಬಸ್ಸು ಮೊದಲು ಬಂತು. ಆಕೆ ಹತ್ತುವಾಗ ನಾನು ಎದ್ದು ನಿಂತೆ. ಆಕೆ ತಿರುಗಿ ನೋಡಲಿಲ್ಲ.